ಕೋರ್ಟಿನ ದಿನದ ಹಾಜರಿ

ವಲಿ ಪಾಷಾ ಕೆಲಸ ಬಿಡುವುದೆಂದು ತೀರ್ಮಾನಿಸಿ ಎರಡು ತಿಂಗಳಾಗಿತ್ತು. ಅದು ಗೊತ್ತಿದ್ದವರು ಇಬ್ಬರೇ. ಒಬ್ಬಳು ಹೆಂಡತಿ ಸುಗ್ರಾ ಬೇಗಂ, ಇನ್ನೊಬ್ಬ ಮಾನ್ವಿಯಲ್ಲಿದ್ದ ಅವಳ ಅಣ್ಣ ದಸ್ತಗೀರ್ ಸಾಬ್. ಕಾಲುವೆ ನೀರು ಬಂದ ಮೇಲೆ ಮಾನ್ವಿ ಕಡೆ ಭತ್ತದ ವ್ಯಾಪಾರ ಜೋರಾಗಿತ್ತು. ದಸ್ತಗೀರ್ ಸಾಬ್ ಅಲ್ಲಿ ರೈತರ ಭತ್ತ ದಲಾಲಿಗೆ ಮಾರಿಸಿಕೊಡುವ ಅಡತ್ತಿನ ಅಂಗಡಿ ಹಿಡಿದಿದ್ದ. ತೂಕ ಬಲ್ಲ ಪಾಲುದಾರ ಬೇಕಾಗಿದ್ದ. ವಲಿ ಪಾಷಾ ರಾಯಚೂರಿನ ಹತ್ತಿ ಮಿಲ್ಲಿನಲ್ಲಿ ಹದಿನಾಲ್ಕು ವರ್ಷದಿಂದ ತೂಕದ ಗುಮಾಸ್ತ. ತಕ್ಕಡಿ ಮುಳ್ಳು ನಿಲ್ಲುವುದಕ್ಕೆ ಮೊದಲೇ ತೂಕ ಹೇಳುತ್ತಾನೆಂದು ಕಲ್ಮಲದ ರೈತರು ಅವನನ್ನು ತಮಾಷೆ ಮಾಡುತ್ತಿದ್ದರು. ತಪ್ಪಿದ್ದನ್ನು ಕಂಡವರಿಲ್ಲ.

ಪಾಲಿಗೆ ಹಾಕಬೇಕಾದ ಹಣದಲ್ಲಿ ಒಂದು ತಿಂಗಳ ಪಗಾರದಷ್ಟು ಕಡಿಮೆ ಬಿದ್ದಿತ್ತು. ಅದಕ್ಕೆ ಮಿಲ್ಲಿನ ಇನಾಮೇ ದಾರಿ. ಆ ಮಿಲ್ಲಿನಲ್ಲಿ ಒಂದು ಪದ್ಧತಿ ಇತ್ತು. ಅಕ್ಟೋಬರಿನಿಂದ ಮಾರ್ಚ್ ಕೊನೆಯವರೆಗೆ, ಹತ್ತಿ ಬರುವ ಆರು ತಿಂಗಳಲ್ಲಿ, ಒಂದು ದಿನವೂ ಗೈರುಹಾಜರಾಗದವನಿಗೆ ಒಂದು ತಿಂಗಳ ಪಗಾರ ಇನಾಮು. ಒಂದೇ ಒಂದು ದಿನ ತಪ್ಪಿದರೂ ಇಲ್ಲ. ಅಪ್ಪ ಸತ್ತ ದಿನವೂ ಬೆಳಿಗ್ಗೆ ಬಂದು ಮುಖ ತೋರಿಸಿ ಹೋದವರಿದ್ದರು.

ಈ ಸಲ ವಲಿ ಪಾಷಾ ಮೂರು ದಿನ ಮಿಲ್ಲಿಗೆ ಹೋಗಿರಲಿಲ್ಲ, ನಾಲ್ಕನೆಯದು ಬಂದಿತ್ತು. ನಾಲ್ಕೂ ದೇವದುರ್ಗದ ಕೋರ್ಟಿನವು.

ಹಿಂದಿನ ವರ್ಷ ದೇವದುರ್ಗದಲ್ಲಿದ್ದ ಮಿಲ್ಲಿನ ಖರೀದಿ ಗೋದಾಮಿನಿಂದ ಹನ್ನೊಂದು ಚೀಲ ಹತ್ತಿ ಕಳುವಾಗಿತ್ತು. ವಾರದೊಳಗೆ ಪೊಲೀಸರು ಅದೇ ಊರಿನ ಒಬ್ಬ ವ್ಯಾಪಾರಿಯ ಕೊಟ್ಟಿಗೆಯಲ್ಲಿ ಚೀಲ ಹಿಡಿದರು. ಚೀಲದ ಮೇಲಿನ ಕೆಂಪು ಬಣ್ಣದ ನಂಬರು, ತೂಕ, ಎಲ್ಲ ಖರೀದಿಗೆ ಅಲ್ಲಿಗೆ ಹೋಗಿ ತೂಗಿದ್ದ ವಲಿ ಪಾಷಾನ ಕೈಬರಹ. ಹಾಗಾಗಿ ಅವನೇ ಗುರುತಿನ ಸಾಕ್ಷಿ. ಸಮನ್ಸ್ ಬಂದಿತು. ಡಿಸೆಂಬರಿನಲ್ಲಿ ಆರೋಪಿಯ ವಕೀಲರಿಗೆ ಜ್ವರ, ಜನವರಿಯಲ್ಲಿ ಮ್ಯಾಜಿಸ್ಟ್ರೇಟರು ರಜೆ, ಫೆಬ್ರವರಿಯಲ್ಲಿ ಮಿಲ್ಲಿನ ಮಾಲೀಕರಾದ ಸಾಹುಕಾರರ ಸಾಕ್ಷಿಯೇ ಸಂಜೆಯವರೆಗೆ ಎಳೆಯಿತು. ನಾಲ್ಕನೆಯ ತಾರೀಖು ೧೯೭೮ರ ಮಾರ್ಚ್ ೨೦, ಸೋಮವಾರ.

ಮೊದಲ ಸಲವೇ ಅವನು ಮುನೀಮ ರಾಚಪ್ಪನನ್ನು ಕೇಳಿದ್ದ.

"ಕೋರ್ಟಿಗೆ ಹ್ವಾದ ದಿನ ಹಾಜರಿ ಏನ ಮಾಡ್ತೀರಿ, ಮುನೀಮರ?"

"ಹಾಜರಿನ ಹಾಕ್ತೀನಿ. ಮಿಲ್ಲಿನ ಕೇಸು, ಮಿಲ್ಲಿನ ಮನಿಷಾ. ಬಸ್ ಚಾರ್ಜೂ ತಗೋ. ಕೋರ್ಟಿನವ್ರು ಭತ್ತೆ ಕೊಟ್ರ ಅದು ನಿಂದು, ಚಾ ಕುಡಿ."

"ಮಿಲ್ಲಿನ ಮನಿಷಾ" ಎಂಬುದು ಡಿಸೆಂಬರಿನಲ್ಲಿ ಅವನಿಗೆ ಖುಷಿ ಕೊಟ್ಟಿತ್ತು. ಜನವರಿಯಲ್ಲಿ ಮಾನ್ವಿಯ ಮಾತು ಪಕ್ಕಾ ಆದ ಮೇಲೆ ಅದೇ ಮಾತು ಗಂಟಲಲ್ಲಿ ಮೀನಿನ ಮುಳ್ಳಿನಂತೆ ನಿಂತಿತು. ಬಿಡುವವನು ಮಿಲ್ಲಿನ ಮನುಷ್ಯನೋ ಅಲ್ಲವೋ? ಸಾಹುಕಾರರಿಗೆ ಗೊತ್ತಾಗಿ ನಾಲ್ಕು ದಿನಕ್ಕೆ ಗೈರು ಬಿದ್ದರೆ ಆ ದಿನಗಳ ಪಗಾರವೂ ಇಲ್ಲ, ಇನಾಮೂ ಇಲ್ಲ, ಮಾನ್ವಿಯೂ ಇಲ್ಲ.

ಸುಗ್ರಾ ಬೇಗಂ ಇದನ್ನು ಎರಡು ತುತ್ತಿನ ನಡುವೆ ಬಗೆಹರಿಸಿದಳು. "ಮೂಂ ಬಂದ್ ರಖೋ ಜೀ," ಎಂದಳು. "ಮೂವತ್ತೊಂದಕ್ಕ ಇನಾಮ್ ತಗೋರಿ, ಒಂದನೇ ತಾರೀಖಿಗೆ ಸಲಾಂ ಹೇಳ್ರಿ. ಅಷ್ಟತನಕ ಬಾಯಿ ಬರೇ ಊಟಕ್ಕ."

"ಸಾಹುಕಾರ್ರು ಕೇಳಿದ್ರ?"

"ಬಿಡ್ತೀಯೇನಂತ ಅವ್ರ್ಯಾಕ ಕೇಳ್ತಾರ? ಯಾರೂ ಕೇಳಂಗಿಲ್ಲ."

ಅವಳ ಲೆಕ್ಕಾಚಾರದಲ್ಲಿ ವಕೀಲರೊಬ್ಬರು ಸೇರಿರಲಿಲ್ಲ.

ಆ ಸೋಮವಾರ ಬೆಳಗಿನ ಬಸ್ಸು ಗಬ್ಬೂರಿನಲ್ಲಿ ಅರ್ಧ ಗಂಟೆ ನಿಂತರೂ ವಲಿ ಪಾಷಾ ಹತ್ತೂವರೆಗೆ ಕೋರ್ಟಿನ ಅಂಗಳದಲ್ಲಿದ್ದ. ಇಸ್ತ್ರಿ ಮಾಡಿದ ಬಿಳಿ ಪೈಜಾಮ, ಕಪ್ಪು ಟೋಪಿ. ಸಾಹುಕಾರ ವೀರಭದ್ರಪ್ಪ ತಮ್ಮ ಜೀಪಿನಲ್ಲಿ ಬಂದರು. ಅವರ ಸಾಕ್ಷಿ ಮುಗಿದಿದ್ದರಿಂದ ಒಳಗೆ ಕೂರಲು ಅಡ್ಡಿ ಇರಲಿಲ್ಲ. ಹಿಂದಿನ ಬೆಂಚಿನ ತುದಿಯಲ್ಲಿ, ತಲೆಯ ಜರತಾರಿ ರುಮಾಲು ಗೋಡೆಗೆ ತಾಗದಂತೆ, ಕೂತರು.

ಹನ್ನೆರಡರ ಸುಮಾರಿಗೆ ಜವಾನ ಮೂರು ಸಲ ಹೆಸರು ಕೂಗಿದ. ವಲಿ ಪಾಷಾ ಕಟಕಟೆ ಹತ್ತಿ, ನಿಜವನ್ನೇ ಹೇಳುತ್ತೇನೆಂದು ಪ್ರಮಾಣ ಮಾಡಿದ. ಸರ್ಕಾರಿ ವಕೀಲರ ಪ್ರಶ್ನೆಗಳು ಹತ್ತು ನಿಮಿಷದಲ್ಲಿ ಮುಗಿದವು. ಚೀಲ ತೋರಿಸಿದರು. "ನನ್ನ ಅಕ್ಷರ ಅದ್ರಿ. ಏಳು ಹಾಕಿದಾಗ ನಡುವ ಅಡ್ಡಗೀಟು ಹೊಡೀತೀನಿ," ಎಂದ.

ಆಮೇಲೆ ಆರೋಪಿಯ ಪರ ನರಸಿಂಗರಾವ್ ವಕೀಲರು ಎದ್ದರು. ಚೀಲದ ಕಡೆ ಅವರು ನೋಡಲೇ ಇಲ್ಲ.

"ಎಷ್ಟು ವರ್ಷದಿಂದ ಇವರ ಉಪ್ಪು ತಿಂತೀರಿ?"

"ಹದಿನಾಲ್ಕು ವರ್ಷ ಆತ್ರಿ."

"ಹೆಂಡ್ತಿ, ಮಕ್ಕಳು, ಮನಿ ಬಾಡಿಗಿ, ಎಲ್ಲಾ ಈ ಸಾಹುಕಾರರ ಪಗಾರದಾಗ?"

"ಹೌದ್ರಿ."

"ಇವತ್ತು ಇಲ್ಲಿ ಬಂದೀರಿ. ಇವತ್ತಿನ ಪಗಾರ?"

"ಅದೂ ಮಿಲ್ಲಿನವ್ರ ಕೊಡ್ತಾರ್ರಿ. ಕೋರ್ಟಿನ ದಿನ ಹಾಜರಿ ಅಂತ ಪದ್ಧತಿ ಅದ."

ವಕೀಲರು ಮ್ಯಾಜಿಸ್ಟ್ರೇಟರ ಕಡೆ ಒಮ್ಮೆ ತಿರುಗಿ, ಬರೆದುಕೊಂಡರೆಂದು ಖಾತ್ರಿ ಮಾಡಿಕೊಂಡರು. "ಅಂದ್ರ ಸಾಕ್ಷಿ ಹೇಳಲಿಕ್ಕೆ ಪಗಾರ ತಗೊಂಡು ಬಂದೀರಿ. ನಾಳೆ, ನಾಡಿದ್ದು, ಮುಂದಿನ ವರ್ಷ, ಸಾಯೋತನಕ ಇವರ ಹತ್ರನ ದುಡೀಬೇಕು. ಅದಕ್ಕ ಇವರು ಹೇಳಿಕೊಟ್ಟಂಗ ಹೇಳಾಕತ್ತೀರಿ. ಹೌದಲ್ಲೊ?"

"ಅಲ್ರಿ."

"ಯಾವುದು ಅಲ್ಲ? ಮುಂದೂ ಇವರ ಹತ್ರನ ದುಡಿಯೋದು ಹೌದೋ ಅಲ್ಲೊ? ಒಂದೇ ಮಾತಿನ್ಯಾಗ ಹೇಳ್ರಿ."

"ಹೌದು" ಎಂದರೆ ಸುಳ್ಳು; ಪ್ರಮಾಣ ಮಾಡಿ ಕಾಲು ಗಂಟೆಯೂ ಆಗಿರಲಿಲ್ಲ. ಮೇಲಾಗಿ ವಲಿ ಪಾಷಾ ನಾಳೆ ಮಾನ್ವಿಯಲ್ಲಿ ತಕ್ಕಡಿ ಹಿಡಿಯುವವನು. ದೇವದುರ್ಗದ ಕೋರ್ಟಿನಲ್ಲಿ ಸುಳ್ಳು ಹೇಳಿದನಂತೆ ಎಂದರೆ ಮಾನ್ವಿ ಕಡೆಯ ಕಲ್ಲೂರಿನ ಯಾವ ರೈತ ಅವನ ಮುಂದೆ ಭತ್ತದ ಚೀಲ ಇಳಿಸುತ್ತಾನೆ? "ಅಲ್ಲ" ಎಂದರೆ ಹಿಂದಿನ ಬೆಂಚಿನಲ್ಲಿ ಸಾಹುಕಾರರು.

"ಯಾಕ, ನಾಲಗಿ ಹಿಡೀತೇನು?" ವಕೀಲರಿಗೆ ಉಮೇದು ಬಂದಿತ್ತು.

"ಇನ್ನ ಹನ್ನೊಂದು ದಿನ ಅಷ್ಟ ರೀ," ಎಂದ ವಲಿ ಪಾಷಾ. "ಒಂದನೇ ತಾರೀಖಿನಿಂದ ಕೆಲಸ ಬಿಡ್ತೀನಿ. ಮಾನ್ವಿಗೆ ಹೋಗಾಕತ್ತೀನಿ."

ಬೆಂಚು ಕಿರ್ರೆಂದಿತು. ವಲಿ ಪಾಷಾ ಆ ಕಡೆ ನೋಡಲಿಲ್ಲ.

ನರಸಿಂಗರಾವ್ ವಕೀಲರಿಗೆ ಇದು ಬೇಡವಾದ ಉತ್ತರ. ಅಲ್ಲಿಗೇ ಕೂತಿದ್ದರೆ ಚೆನ್ನಾಗಿತ್ತು, ಆದರೆ ಇನ್ನೊಂದು ಪ್ರಶ್ನೆ ಅವರ ಬಾಯಿಂದ ಜಾರಿತು. "ಇದು ನಿಮ್ಮ ಸಾಹುಕಾರರಿಗೆ ಗೊತ್ತದೇನು?"

"ಈಗ ಗೊತ್ತಾತ್ರಿ."

ನಗು ಜವಾನನಿಂದ ಶುರುವಾಗಿ ಗುಮಾಸ್ತರ ಮೇಜಿನವರೆಗೆ ಹೋಯಿತು. ಮ್ಯಾಜಿಸ್ಟ್ರೇಟರು ಪೆನ್ನಿನಿಂದ ಮೇಜು ತಟ್ಟಿ, ಅದನ್ನೂ ಬರೆದುಕೊಂಡರು.

ಹೊರಗೆ ಬೇವಿನ ಮರದ ಕೆಳಗೆ ಜೀಪು ನಿಂತಿತ್ತು. ವಲಿ ಪಾಷಾ ಭತ್ತೆಯ ಚೀಟಿಗೆ ಸಹಿ ಹಾಕಿ, ಬೇಕೆಂದೇ ನಿಧಾನವಾಗಿ ಅಂಗಳ ದಾಟಿದ. ಸಾಹುಕಾರರು ಚಹಾದ ಬಸಿ ಕೈಯಲ್ಲಿ ಹಿಡಿದು ಊದುತ್ತಿದ್ದರು.

"ಬಾ ಇಲ್ಲೆ. ಹದಿನಾಲ್ಕು ವರ್ಷ ಒಂದ ಗೇಟಿನ್ಯಾಗ ಓಡಾಡೀವಿ. ಕಟಕಟಿ ಏರಿ ಹೇಳಬೇಕಿತ್ತೇನು?"

"ತಪ್ಪಾತ್ರಿ ಸಾಹುಕಾರ್ರ. ಹೇಳಿದ್ರ ಈ ದಿನಗಳಿಗೆ ಗೈರು ಹಾಕ್ತೀರೇನೊ ಅಂತ ಅಂಜಿಕಿ ಬಂತು. ಇನಾಮು ಹೋಗ್ತಿತ್ತು."

"ಹಾಕ್ತಿದ್ದೆ," ಎಂದರು ವೀರಭದ್ರಪ್ಪ. "ಜನವರಿಯೊಳಗ ಹೇಳಿದ್ದಿ ಅಂದ್ರ ಖಂಡಿತ ಹಾಕ್ತಿದ್ದೆ. ಬಿಟ್ಟು ಹೋಗಾಂವಗ ಯಾತರ ಹಾಜರಿ?"

ವಲಿ ಪಾಷಾ ನೆಲ ನೋಡಿದ. ಮುಗಿಯಿತು ಎಂದುಕೊಂಡ. ಮೂವತ್ತೊಂದಕ್ಕೆ ದಸ್ತಗೀರ್ ಸಾಬನಿಗೆ ಏನು ಹೇಳುವುದೆಂದು ಆಗಲೇ ಮಾತು ಹುಡುಕತೊಡಗಿದ. ಸುಗ್ರಾ ಬೇಗಂಗೆ ಏನು ಹೇಳುವುದೆಂದು ಯೋಚಿಸಲೇ ಇಲ್ಲ. ಅಲ್ಲಿ ಹೇಳುವುದು ಅವಳ ಸರದಿ.

ಸಾಹುಕಾರರು ಬಸಿ ಬರಿದು ಮಾಡಿ ಮೀಸೆ ಒರೆಸಿಕೊಂಡರು. "ಈಗ ಗೈರು ಹಾಕಾಕ ಬರಂಗಿಲ್ಲ. ಏನು ಹೇಳಿದಿ ಒಳಗ? ಕೋರ್ಟಿನ ದಿನ ಹಾಜರಿ ಅಂತ ಪದ್ಧತಿ ಅದ ಅಂದಿ. ಸಾಹೇಬ್ರು ಬರಕೊಂಡಾರ. ಆ ನರಸಿಂಗರಾವ ಬಿಡೋ ಪೈಕಿ ಅಲ್ಲ, ಮತ್ತ ನಿನ್ನ ಕರಸ್ತಾನ. ಪಗಾರ ಬಂತೇನಪ್ಪಾ ಅಂತ ಕೇಳ್ತಾನ. ನಾ ಕೊಟ್ಟಿಲ್ಲಂದ್ರ ನೀ ಸುಳ್ಳ ಸಾಕ್ಷಿ ಹೇಳಿದಂಗಾತು. ಕೇಸು ಯಾರದು?"

"ನಿಮ್ದ್ರಿ."

"ಚೀಲ ಯಾರವು?"

"ನಿಮ್ಮವ್ರಿ."

"ಹಂಗಾರ ಹಾಜರಿ ಯಾರ ಕೊಡಬೇಕು? ನಾನ ಕೊಟ್ಟು ಸಾಯಬೇಕು. ಇನಾಮೂ ಕೊಡ್ತೀನಿ, ಇಲ್ಲಾಂದ್ರ ಅದನ್ನೂ ಕೇಳ್ತಾನವ." ಅವರ ಮುಖ ಇನ್ನೂ ಗಡುಸಾಗಿಯೇ ಇತ್ತು. "ಖರೆ ಹೇಳಿ ನಾಕು ದಿನದ ಪಗಾರ ನನ್ನ ಕಡಿಂದ ಕಿತಗೊಂಡಿ. ಸುಳ್ಳು ಹೇಳಿದ್ದಿ ಅಂದ್ರ ಇವತ್ತ ನಿನಗ ಬಸ್ಸ ಗತಿ ಆಗ್ತಿತ್ತು. ಜೀಪು ಹತ್ತು."

ವಲಿ ಪಾಷಾ ಹತ್ತಿದ. ಜೀಪು ಗಬ್ಬೂರು ದಾಟಿತು. ಕೊಯ್ಲಾದ ಜೋಳದ ಹೊಲಗಳ ಮೇಲಿಂದ ಬಿಸಿ ಗಾಳಿ ಬೀಸುತ್ತಿತ್ತು. ಆಮೇಲೆ ಸಾಹುಕಾರರೇ ಕೇಳಿದರು, ಅಂಗಡಿ ಎಲ್ಲಿ, ಪಾಲು ಎಷ್ಟು, ಮಾನ್ವಿಯಲ್ಲಿ ಭತ್ತದ ದರ ಹೇಗಿದೆ. ವಲಿ ಪಾಷಾ ಒಂದೊಂದಕ್ಕೂ ಉತ್ತರಿಸಿದ. ಹಮಾಲರು ಎಷ್ಟು ಮಂದಿ ಎಂದಾಗ, "ಸದ್ಯ ಒಬ್ಬ ಅದಾನ್ರಿ, ಬೂದೆಪ್ಪ ಅಂತ. ಕಲ್ಲೂರಿನಾಂವ," ಎಂದ.

"ಒಂದು ದಿನ ಯಾರದೊ ಕಳವಿನ ಕೇಸಿನ್ಯಾಗ ಅವನ್ನ ಸಾಕ್ಷಿ ಕರೀತಾರ ಅಂತ ತಿಳಿ. ನಿನ್ನ ಕೇಸಲ್ಲ, ಯಾರದೊ. ಹತ್ತು ಬಂಡಿ ಭತ್ತ ಬಂದು ನಿಂತಾವ. ಬೂದೆಪ್ಪ ಕೋರ್ಟಿನ್ಯಾಗ ಬೀಡಿ ಸೇದಾಕತ್ತಾನ. ಅವತ್ತಿನ ಕೂಲಿ ಕೊಡ್ತೀಯೊ, ಮುರೀತೀಯೊ?"

ಬೆಳಗಿನ ವಲಿ ಪಾಷಾ ಆಗಿದ್ದರೆ ಕೊಡುತ್ತೇನೆ ಎಂದು ಥಟ್ಟನೆ ಹೇಳಿಬಿಡುತ್ತಿದ್ದ. ಈಗ ಅವನಿಗೆ ಬೂದೆಪ್ಪನ ಬದಲು ಹತ್ತು ಬಂಡಿಗಳೇ ಕಣ್ಣಿಗೆ ಕಟ್ಟಿದವು. ಕಲ್ಮಲದ ತಿರುವು ಬಂತು, ಹೋಯಿತು.

"ವಿಚಾರ ಮಾಡಬೇಕ್ರಿ," ಎಂದ.

ವೀರಭದ್ರಪ್ಪ ಆ ದಿನದಲ್ಲಿ ಮೊದಲ ಸಲ ನಕ್ಕರು. "ಆತು ಬಿಡು. ನೀ ಒಂದನೇ ತಾರೀಖಿನತನ ಕಾಯೂದು ಬ್ಯಾಡ. ಈಗನ ಸಾಹುಕಾರ ಆಗಿಬಿಟ್ಟಿ ನೋಡು."