ಏಣಿಯ ಬುಡದಲ್ಲಿ

"ಇನ್ನೂ ಜೋರಾಗಿ! ಹೊಟ್ಟೆ ಕುಣೀಬೇಕು!" ಎಂದರು ಶಾಂಭವಿ ಟೀಚರ್. ಐದನೇ ತರಗತಿಯ ಮಕ್ಕಳಿಗೆ ಅಷ್ಟು ಹೇಳಿದರೆ ಸಾಕಲ್ಲ! ಹೋ ಎಂದು ನಕ್ಕವು, ಬೆಂಚು ಗುದ್ದಿದವು, ಒಬ್ಬನಂತೂ ನೆಲಕ್ಕೇ ಉರುಳಿದ. ಕಿಟಕಿ ಪಕ್ಕದ ಯಮುನ ಮಾತ್ರ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು ಕೂತಿದ್ದಳು. ಅವಳ ಕಣ್ಣು ಹೊರಗೆ, ಕಾಫಿ ಎಸ್ಟೇಟಿನ ಮೆಣಸಿನ ಬಳ್ಳಿ ಹಬ್ಬಿದ ಸಿಲ್ವರ್ ಮರಗಳ ಮೇಲಿತ್ತು.

ಶನಿವಾರದ ಈ ಪಾಠಕ್ಕೆ ಸಂತೋಷದ ವಿಜ್ಞಾನ ಎಂದು ಹೆಸರು. ಸುಮ್ಮನೆ ನಕ್ಕರೂ ಸಾಕು, ಅದರ ಹಿಂದೆಯೇ ಮನಸ್ಸು ಹಗುರಾಗುತ್ತದೆ ಎಂದು ಮಡಿಕೇರಿಯ ತರಬೇತಿಯಲ್ಲಿ ಹೇಳಿಕೊಟ್ಟಿದ್ದರು. ಶಾಂಭವಿಗೆ ಅದು ಬಲು ಹಿಡಿಸಿತ್ತು. ಸಿದ್ದಾಪುರದ ಬಸ್ಸಿಳಿದು ನಡೆದು ಬರುವಾಗಲೇ ಇವತ್ತು ಯಾವ ಆಟ ಆಡಿಸಲಿ ಎಂಬ ಯೋಚನೆ. ಕೆಲವು ವಾರಗಳ ಹಿಂದೆ, ಮೆಣಸು ಕೊಯ್ಲಿನ ಕಾಲದ ಒಂದು ಶನಿವಾರ ಹೀಗೇ ನಗಿಸುತ್ತಿದ್ದಾಗ ಎಸ್ಟೇಟಿನ ಜೀಪು ಶಾಲೆಯ ಗೇಟಿಗೆ ಬಂದು ನಿಂತಿತು. ಯಮುನಳ ಅಪ್ಪ ಗುಂಡ ಮೆಣಸು ಕೊಯ್ಯುತ್ತಾ ಏಣಿ ಸಮೇತ ಮರದಿಂದ ಬಿದ್ದಿದ್ದ. ಆಸ್ಪತ್ರೆ ಮುಟ್ಟುವ ಮೊದಲೇ ಜೀವ ಹೋಯಿತು. ಅವತ್ತು ತರಗತಿಯಲ್ಲಿ ಎಲ್ಲರಿಗಿಂತ ಜೋರಾಗಿ ನಕ್ಕವಳು ಯಮುನಳೇ. ತಾಯಿ ಮೊದಲೇ ಇರಲಿಲ್ಲ. ಈಗ ಉಳಿದವಳು ಅಜ್ಜಿ ನಿಂಗಮ್ಮ ಒಬ್ಬಳು.

ಇವತ್ತು ಬೆಲ್ ಹೊಡೆದ ಮೇಲೆ ಟೀಚರ್ ಯಮುನಳ ಪಕ್ಕ ಕೂತರು.

"ಯಾಕೆ ಪುಟ್ಟಾ, ನಗು ಬರ್ಲಿಲ್ವಾ?"

"ಬಂತು ಟೀಚರ್. ಅದ್ಕೇ ಬಾಯಿ ಮುಚ್ಕೊಂಡೆ."

"ಬಂದ್ರೆ ನಗ್ಬೇಕಲ್ವಾ?"

"ನಾನು ನಕ್ರೆ ಅಜ್ಜಿನೂ ಬಿದ್ದೋಗ್ತಾಳೆ."

ಶಾಂಭವಿ ಇನ್ನೂ ಹತ್ತಿರ ಸರಿದರು. "ಹಾಗೆಲ್ಲ ಇಲ್ಲ ಕಣಮ್ಮ. ನಗೋದಕ್ಕೂ ಬೀಳೋದಕ್ಕೂ ಸಂಬಂಧ ಇಲ್ಲ. ವಿಜ್ಞಾನದಲ್ಲಿ..."

"ಅವತ್ತೂ ನೀವೇ ನಗಿ ಅಂದಿದ್ದು ಟೀಚರ್."

ಹುಡುಗಿ ದೂರಿ ಹೇಳಿದ್ದಲ್ಲ, ಇದ್ದದ್ದನ್ನು ಹೇಳಿದಳು, ಅಷ್ಟೇ. ತರಬೇತಿಯಲ್ಲಿ ಟೀಚರು ಕಲಿತದ್ದರಲ್ಲಿ ಈ ಮಾತಿಗೆ ಉತ್ತರ ಎಲ್ಲಿಂದ ಬರಬೇಕು, ಪಾಪ!

ಮಧ್ಯಾಹ್ನ ಶಾಲೆ ಬಿಟ್ಟ ಮೇಲೆ ಟೀಚರ್ ಅವಳ ಜೊತೆ ಎಸ್ಟೇಟಿನ ಕೂಲಿಯವರ ಲೈನ್ ಮನೆಗೆ ನಡೆದರು. ನಿಂಗಮ್ಮ ನಲ್ಲಿಯ ಹತ್ತಿರ ಪಾತ್ರೆ ತೊಳೆಯುತ್ತಿದ್ದಳು. ಟೀಚರ್ ನಿಂತಲ್ಲೇ ಎಲ್ಲವನ್ನೂ ಹೇಳಿದರು. "ನನ್ನಿಂದಾನೇ ಆಯ್ತು ನಿಂಗಮ್ಮ, ನಾನೇ ನಗಿಸಿದ್ದು" ಎಂದರು.

ಮುದುಕಿ ಪಾತ್ರೆ ಕೆಳಗಿಟ್ಟಳು. "ನಿಮ್ದೇನೈತೆ ಬುಡಿ ಟೀಚರಮ್ಮ. ಜಾಸ್ತಿ ನಗಬ್ಯಾಡ ಮಗಾ, ಆಮ್ಯಾಕೆ ಅಳ್ತೀಯ ಅಂತ ದಿನಾ ಅಂತಿದ್ದೋಳು ನಾನು."

ಸೆರಗಿಗೆ ಕೈ ಒರೆಸಿಕೊಂಡು ಗೋಡೆಯ ಕಡೆ ಹೋದಳು. ಅಲ್ಲಿ ಗುಂಡನ ಏಣಿ, ಮೆಟ್ಟಿಲಿಗೆ ಗೂಟ ಹೊಡೆದ ಒಂಟಿ ಬಿದಿರು, ಒರಗಿತ್ತು. ಅವತ್ತು ಜೊತೆಯ ಆಳುಗಳು ತಂದಿಟ್ಟ ಮೇಲೆ ಅದನ್ನು ಯಾರೂ ಮುಟ್ಟಿರಲಿಲ್ಲ, ಆಳುಗಳ ಲೆಕ್ಕ ನೋಡುವ ಎಸ್ಟೇಟಿನ ರೈಟರೂ ವಾಪಸು ಕೇಳಿರಲಿಲ್ಲ. ನಿಂಗಮ್ಮ ಸೀರೆ ಎತ್ತಿ ಕಟ್ಟಿ ಅದನ್ನು ಹತ್ತತೊಡಗಿದಳು.

"ಅಜ್ಜೀ, ಬ್ಯಾಡ!" ಯಮುನ ಓಡಿಹೋಗಿ ಏಣಿಯ ಬುಡವನ್ನು ಎರಡೂ ಕೈಯಲ್ಲಿ ತಬ್ಬಿ ಹಿಡಿದಳು. ಟೀಚರೂ ಬ್ಯಾಗು ಬಿಸಾಕಿ ಬಂದು ಹಿಡಿದರು.

ಮುದುಕಿ ನಡು ಏಣಿಯಲ್ಲಿ ನಿಂತು ಕೆಳಗೆ ನೋಡಿದಳು. "ಈಗ ನಗು. ನಾ ಬೀಳ್ತೀನಾ ನೋಡಾನ."

"ಇಳಿ ಅಜ್ಜೀ!"

"ನೀ ನಗೋಗಂಟ ಇಳಿಯಾಕಿಲ್ಲ."

ಹುಡುಗಿ ತುಟಿ ಬಿಗಿದಳು. ನಿಂಗಮ್ಮ ಮೇಲಿನಿಂದಲೇ ಸೊಂಟಕ್ಕೆ ಒಂದು ಕೈ ಕೊಟ್ಟು ರೈಟರ ಥರ ಗದರಿದಳು: "ಏಯ್ ಗುಂಡಾ! ಮೆಣಸು ಕೊಯ್ತಿದ್ದೀಯೋ, ಇಲ್ಲಾ ಮ್ಯಾಲೇ ಸಂಸಾರ ಹೂಡಿದ್ದೀಯೋ?"

ಗುಂಡ ಸಂಜೆ ಹೊತ್ತು ಮಗಳನ್ನು ನಗಿಸಲು ಹಾಕುತ್ತಿದ್ದ ವೇಷ ಅದು. ಹಲ್ಲಿಲ್ಲದ ಬಾಯಲ್ಲಿ ರೈಟರ ಗತ್ತೆಲ್ಲ ಪುಸ್ಸೆಂದಿತು, ಮಗನ ಹೆಸರು ಬಂದಲ್ಲಿ ದನಿ ಒಡೆಯಿತು.

ಯಮುನಳ ಕೆನ್ನೆ ಉಬ್ಬಿತು. ಬಾಯಿ ಮುಚ್ಚಿಕೊಳ್ಳಬೇಕೆಂದರೆ ಏಣಿ ಬಿಡಬೇಕು. ಅವಳು ಬಿಡಲಿಲ್ಲ. ನಗು ಕಿತ್ತುಕೊಂಡು ಬಂತು, ಅದರ ಬೆನ್ನಿಗೇ ಇಷ್ಟು ದಿನ ಬಾರದ ಅಳುವೂ ಬಂತು.

"ಇದೀನಿ ಕಣವ್ವಾ, ನೋಡು, ಇಲ್ಲೇ ಇದೀನಿ" ಎಂದಳು ನಿಂಗಮ್ಮ.

ಆಮೇಲೆ ಕಾಲಿನಿಂದ ಮೆಟ್ಟಿಲು ತಡಕುತ್ತಾ ನಿಧಾನ ಇಳಿದಳು. ಟೀಚರ್ ಕೈ ತೆಗೆದರೂ ಯಮುನ ತೆಗೆಯಲಿಲ್ಲ. ಅಜ್ಜಿಯ ಎರಡೂ ಪಾದ ಮಣ್ಣಿಗೆ ಊರಿವೆಯೇ ಎಂದು ಬಗ್ಗಿ ನೋಡಿ, ಆಮೇಲೆ ಏಣಿ ಬಿಟ್ಟಳು.