ಅಣ್ಣ ಹಸನು ಮಾಡಿದ ಹಿತ್ತಿಲು

ಹಿತ್ತಿಲ ಬಾಗಿಲು ತೆಗೆದವಳು ಕೈಯಲ್ಲಿದ್ದ ಬಟ್ಟೆಗಂಟನ್ನು ಅಲ್ಲೇ ಇಳಿಸಿಬಿಟ್ಟಳು. ಬೆಳಿಗ್ಗೆ ಹೊಲಿಗೆಯ ಬಟ್ಟೆ ತರಲು ಪೇಟೆಗೆ ಹೊರಟಾಗ ಅಲಸಂದೆ ಬಳ್ಳಿ ಮೊಣಕಾಲೆತ್ತರ ಹಬ್ಬಿ ನೆಲವನ್ನೇ ಮುಚ್ಚಿತ್ತು. ಈಗ ಬಳ್ಳಿಯೆಲ್ಲ ಗೋಡೆಮೂಲೆಯಲ್ಲಿ ಗುಡ್ಡೆ. ನೆಲ ಜರಡಿ ಹಿಡಿದ ಹಿಟ್ಟು. ನಡುವೆ, ಕಳೆ ಕೊಚ್ಚುವ ಮೆಷಿನ್ನಿಗೆ ಒರಗಿ ಅಣ್ಣ. ಮುಖದ ತುಂಬ ಮಣ್ಣು, ಮಣ್ಣಿನ ತುಂಬ ನಗು.

"ಹೆಂಗಿದೆ? ನಿನ್ನ ತಂಗಿ ಹಿತ್ತಿಲಲ್ಲಿ ಹಾವು ಸಾಕ್ತಾಳಾ ಅಂತ ಓಣಿಯವರು ಆಡ್ಕೋತಿದ್ರು. ಇನ್ನು ಆಡ್ಕೊಳ್ಳಿ ನೋಡೋಣ!"

ಅವಳು ಕುಕ್ಕರಗಾಲಲ್ಲಿ ಕೂತು ಹಿಡಿ ಮಣ್ಣೆತ್ತಿದಳು. ಮಣಿಸರದಂತೆ ಒಂದಕ್ಕೊಂದು ಕೋದುಕೊಂಡಿದ್ದ, ಜೇಕೆಂಬ ಕಳೆಹುಲ್ಲಿನ ಗಡ್ಡೆಗಳು ದಾರ ಕಡಿದು ಬಿಡಿಬಿಡಿಯಾಗಿ ಬೆರಳಸಂದಿಯಿಂದ ಉದುರಿದವು.

"ಇದು ಜೇಕು ಕಣಣ್ಣಾ. ಅಜ್ಜಿ ಏನಂತಿದ್ಲು? ಜೇಕಿಗೆ ಕತ್ತಿ ತೋರಬೇಡ, ಕತ್ತಲೆ ತೋರು."

"ಅಜ್ಜಿ ಸಾವಿರ ಅಂತಿದ್ಲು. ನಂಗೂ ಬೃಹಸ್ಪತಿ ಅಂತಿದ್ಲು."

ಎರಡು ಹಂಗಾಮು ಅವಳು ಗುದ್ದಲಿ ಮುಟ್ಟಿರಲಿಲ್ಲ. ಕಡಿದಷ್ಟೂ ಗಡ್ಡೆಗಳು ಬೇರೆಯಾಗಿ ಒಂದೊಂದೂ ಹೊಸ ಸಂಸಾರ ಹೂಡುತ್ತವೆ. ಬಿಸಿಲು ತಪ್ಪಿದರೆ ಮಾತ್ರ ಹಸಿದು ಸೊರಗುತ್ತವೆ. ಅದಕ್ಕೇ ನೆಲಕ್ಕೆ ಬಿಸಿಲು ಬೀಳದಂತೆ ಆ ಬಳ್ಳಿ ಹಬ್ಬಿಸಿದ್ದಳು. ಇನ್ನೊಂದು ತಿಂಗಳು ತಡೆದಿದ್ದರೆ ಜೇಕು ಹುಡುಕಿದರೂ ಸಿಗುತ್ತಿರಲಿಲ್ಲ, ಈರುಳ್ಳಿ ಬಿತ್ತಬಹುದಿತ್ತು.

ಪಕ್ಕದ ಮನೆಯ ಮೇಷ್ಟ್ರು ಗೋಡೆಯಾಚೆಯಿಂದ ಇಣುಕಿದರು. "ಭೇಷ್! ಅಣ್ಣ ಅಂದ್ರೆ ಹಿಂಗಿರ್ಬೇಕಮ್ಮ."

ಬೈಯಲು ಬಾಯಿ ತೆರೆದಳು. ಅಣ್ಣನ ಅಂಗೈಯಲ್ಲಿ ಬೊಬ್ಬೆಗಳು ಎದ್ದಿದ್ದವು.

"ಕೈ ತೊಳ್ಕೊ, ಬಡಿಸ್ತೀನಿ" ಎಂದಳು.

ಸಿಟ್ಟೆಲ್ಲ ಹೊಲಿಗೆಯ ಮೆಷಿನ್ನಿನ ಮೇಲೆ ಹೋಯಿತು. ಸಂಜೆಯೊಳಗೆ ಸೂಜಿ ಮುರಿಯಿತು.

ನಡುವೆ ಒಂದು ಮಳೆ ಬಿತ್ತು. ಮುಂದಿನ ವಾರ ಬಂದ ಅಣ್ಣ ಹಿತ್ತಿಲಿಂದಲೇ ಕೂಗಿದ. "ಲೇ, ಈರುಳ್ಳಿ ಏನ್ ಚೆನ್ನಾಗಿ ಹುಟ್ಟಿದೆಯೇ! ಒಂದು ಬೀಜವೂ ಪೋಲಾಗಿಲ್ಲ. ಯಾವಾಗ ಬಿತ್ತಿದೆ?"

"ನಾನೆಲ್ಲಿ ಬಿತ್ತಿದೆ? ನೀನೇ ಬಿತ್ತಿದ್ದು."

ಅವನಿಗೆ ತಿಳಿಯಲಿಲ್ಲ.

"ಒಂದು ಕಿತ್ತು ಬುಡ ಹೊರಳಿಸಿ ನೋಡು. ಈರುಳ್ಳಿ ದುಂಡಗಿರುತ್ತೆ."

ಅಣ್ಣ ಎರಡು ಬೆರಳ ನಡುವೆ ಹೊರಳಿಸಿದ. ಹೊರಳಲಿಲ್ಲ, ಮೂರು ಮೂಲೆ ಒತ್ತಿದವು. ಇನ್ನೊಂದು ಕಿತ್ತ. ಮತ್ತೊಂದು. ಗೋಡೆಯಿಂದ ಗೋಡೆಗೆ ಜೇಕಿನ ಹಸಿರು ಸೂಜಿಗಳು ಎದ್ದಿದ್ದವು. ಅವನ ಮುಖ ಇಳಿಯಿತು. ಅವಳಿಗೆ ಅದೂ ಸಂಕಟವೇ ಆಗಿ ಕಣ್ಣು ತುಂಬಿತು. ಅಣ್ಣ ಅದನ್ನು ಕಂಡ.

"ಇಷ್ಟಕ್ಕೆಲ್ಲ ಕಣ್ಣಲ್ಲಿ ನೀರು ಹಾಕ್ತಾರೇನೇ? ನಾಳೇನೇ ಮೆಷಿನ್ ತರ್ತೀನಿ. ಈ ಸಲ ಇನ್ನೂ ಆಳಕ್ಕೆ ಹೊಡೆದ್ರೆ ಆಯ್ತು."

ಅವಳು ಅವನ ರಟ್ಟೆ ಹಿಡಿದು ಒಳಗೆಳೆದುಕೊಂಡು, ಹಿತ್ತಿಲ ಬಾಗಿಲಿಗೆ ಚಿಲಕ ಹಾಕಿ, ಅದಕ್ಕೆ ಬೆನ್ನು ಕೊಟ್ಟು ನಿಂತಳು.