ಪೋಸ್ಟರಿನ ಕೆಳಗಿನ ಒಂದು ಗೇಣು

ಟೈಲರಿಗೆ ಆ ದಿನ ಬೆಳಿಗ್ಗೆಯಿಂದ ಹೊಲಿಗೆಯ ಕಡೆ ಮನಸ್ಸೇ ಇರಲಿಲ್ಲ. ಅಂಗಡಿಯ ಗೋಡೆಗೆ ಕಾರಿನ ಹನ್ನೆರಡನೆಯ ಪೋಸ್ಟರ್ ಬರುವುದಿತ್ತು. ಹಳೆಯ ಕಾರಂಗಡಿಯಲ್ಲಿ ನಲವತ್ತು ವರ್ಷ ಕಾರು ಮಾರಿ ಮನೆ ಸೇರಿದ್ದ ತಾತನ ಬಾಗಿಲಿಗೆ ಅದಕ್ಕಾಗಿ ಅವನು ಎಂಟು ತಿಂಗಳಿಂದ ಅಲೆದಿದ್ದ. ಒಂದು ಸಲ ತಾತನಿಗೆ ಮಂಡಿನೋವು, ಇನ್ನೊಂದು ಸಲ ಬೀರುವಿನ ಕೀ ಕಾಣೆ, ಮತ್ತೊಂದು ಸಲ ಸುಮ್ಮನೆ ಮನಸ್ಸಿಲ್ಲ. ಕೊನೆಗೆ, "ಮೊದಲು ನಿನ್ನ ಗೋಡೆ ನೋಡ್ತೀನಿ, ಆಮೇಲೆ ಕೊಡೋ ಮಾತು" ಎಂದಿದ್ದ. ಬೇರೆ ಯಾರಾದರೂ ಆಗಿದ್ದರೆ ಟೈಲರ್ ನಾಲ್ಕು ಮಾತು ಅಂದು ಬರುತ್ತಿದ್ದ. ಗರಜು ತನ್ನದು, ಹಲ್ಲು ಕಚ್ಚಿಕೊಂಡು ಸುಮ್ಮನಿದ್ದ.

ಗೋಡೆಯ ಬಗ್ಗೆ ಮಾತ್ರ ಅವನಿಗೆ ಭಯವಿರಲಿಲ್ಲ. ಮೆಷಿನ್ನಿನ ಹಿಂದೆ ಹನ್ನೊಂದು ಪೋಸ್ಟರುಗಳು, ಎಲ್ಲಕ್ಕೂ ಒಂದೇ ಅಳತೆಯ ಫ್ರೇಮ್. ದುಂಡು ದೀಪದ ಕಾರು, ತಲೆಯ ಮೇಲೆ ಪೆಟ್ಟಿಗೆ ಕಟ್ಟಿಕೊಂಡ ಕಾರು, ಕಿಟಕಿಯಿಂದ ಹೆಂಗಸೊಬ್ಬಳು ಕೈಬೀಸುವ ಕಾರು. ಬಟ್ಟೆ ಹೊಲಿಸಲು ಬಂದವರು ಅಳತೆ ಕೊಡುವುದನ್ನು ಮರೆತು ನೋಡುತ್ತ ನಿಲ್ಲುತ್ತಿದ್ದರು.

ಅವನಿಗೆ ಕಾರಿನ ಹುಚ್ಚು ಇರಲಿಲ್ಲ. ಓಡಿಸಲೂ ಬರುತ್ತಿರಲಿಲ್ಲ. ಅಪ್ಪ ಸತ್ತಾಗ ಅವನಿಗೆ ಮೂರು ವರ್ಷ. ಮನೆಯಲ್ಲಿ ಒಂದು ಫೋಟೋ ಇಲ್ಲ, ಅಪ್ಪನದು ಅನ್ನುವ ಒಂದು ಗುಂಡಿ ಕೂಡ ಇಲ್ಲ. "ನಿಮ್ಮಪ್ಪ ಕಾರಂಗಡೀಲಿ ಪೇಂಟರ್ ಆಗಿದ್ರು" ಎಂದು ಅಮ್ಮ ಹೇಳುತ್ತಿದ್ದಳು, ಅಷ್ಟೇ. ಅಂಗಡಿಯ ಗೋಡೆಗೆ ಬಣ್ಣ ಬಳಿಯುತ್ತಿದ್ದರೆಂದು ಇವನು ತಿಳಿದುಕೊಂಡ. ಆ ಅಂಗಡಿಯನ್ನು ಕೆಡವಿದ ಮೇಲೆ ಗೋಡೆಯೂ ಹೋಯಿತು. ಅಪ್ಪ ದಿನಾ ನೋಡಿದ ಚಿತ್ರಗಳಾದರೂ ಕಣ್ಣೆದುರು ಇರಲಿ ಎಂದು ಆ ಅಂಗಡಿಯ ಪೋಸ್ಟರುಗಳನ್ನು ಇಪ್ಪತ್ತು ವರ್ಷದಿಂದ ಗುಜರಿಯಲ್ಲಿ, ಗ್ಯಾರೇಜಿನಲ್ಲಿ, ಕಂಡವರ ಅಟ್ಟದಲ್ಲಿ ಹುಡುಕಿ ಹುಡುಕಿ ತಂದಿದ್ದ.

ತಾತ ಬಂದ. ಸುರುಳಿಯನ್ನು ಕಂಕುಳಲ್ಲಿ ಇರುಕಿಕೊಂಡೇ ಗೋಡೆಯ ಈ ತುದಿಯಿಂದ ಆ ತುದಿಗೆ ನಡೆದ. ಕನ್ನಡಕ ತೆಗೆದು ಒರೆಸಿ, ಮತ್ತೊಮ್ಮೆ ನಡೆದ.

"ಕೆಳಗಿನ ಪಟ್ಟಿ ಎಲ್ಲಪ್ಪಾ?"

"ಅದಾ? ಕತ್ತರಿಸ್ದೆ ಯಜಮಾನ್ರೇ. ಫ್ರೇಮಿಗೆ ಕೂರ್ತಿರಲಿಲ್ಲ. ಯಾರೋ ಅಂಗಡಿ ಹೆಸರು ಬೇರೆ ಗೀಚಿದ್ರು. ಚಿತ್ರದ ಅಂದ ಕೆಡ್ತಿತ್ತು." ಹೇಳುವಾಗ ಅವನಿಗೆ ಹೆಮ್ಮೆಯೇ. ಹನ್ನೊಂದರಲ್ಲಿ ಒಂದಾದರೂ ನೂಲೆಳೆಯಷ್ಟು ಓರೆಯಾಗಿದ್ದರೆ ಕೇಳಿ.

"ಗೀಚಿದ್ದಲ್ಲ ಕಣೋ," ತಾತ ಕುರ್ಚಿ ಎಳೆದು ಕೂತ. "ಕಂಪನಿಯೋರು ಚಿತ್ರ ಅಚ್ಚು ಹಾಕಿ ಊರೂರಿಗೆ ಕಳಿಸೋರು. ಕೆಳಗೆ ಒಂದು ಗೇಣು ಖಾಲಿ ಬಿಡೋರು. ಅಲ್ಲಿ ಆಯಾ ಅಂಗಡಿಯೋರು ಹೆಸರು ಬರೆಸ್ಕೋಬೇಕು. ನಮ್ಮಲ್ಲಿ ಬರೀತಿದ್ದೋನು ಒಬ್ಬನೇ ಪೇಂಟರ್. ಸ್ಕೇಲ್ ಮುಟ್ತಿರಲಿಲ್ಲ. ಉಸಿರು ಬಿಗಿಹಿಡಿದು ಒಂದೇ ಎಳೆತ. ಕೊನೇ ಅಕ್ಷರಕ್ಕೆ ಉದ್ದಕ್ಕೆ ಬಾಲ ಎಳೆಯೋನು. ಓನರ್ ಬೈದ್ರೂ ಬಿಡ್ತಿರಲಿಲ್ಲ. ಪಾಪ, ಚಿಕ್ಕ ವಯಸ್ಸಿಗೇ ಹೋದ. ಮನೇಲಿ ಮೂರು ವರ್ಷದ ಮಗು ಇತ್ತು."

ಟೈಲರ್ ಕುರ್ಚಿಯ ಹತ್ತಿರಕ್ಕೆ ಬಂದ. "ಯಜಮಾನ್ರೇ, ಆ ಮಗು ನಾನೇ."

ತಾತ ಅವನ ಮುಖ ನೋಡಿದ. ಸುರುಳಿ ಬಿಚ್ಚಿ ಮೇಜಿನ ಮೇಲೆ ಹಾಸಿದ. ಹಸಿರು ಕಾರಿನ ಕೆಳಗೆ ಕೆಂಪು ಅಕ್ಷರಗಳು, ದಪ್ಪಗೆ, ಸ್ವಲ್ಪ ಮುಂದಕ್ಕೆ ಬಾಗಿ. ಕೊನೆಯ ಅಕ್ಷರದ ಬಾಲ ಇಡೀ ಹೆಸರಿನಡಿ ಹಾದು ಮೊದಲನೆಯದರವರೆಗೆ ಬಂದಿತ್ತು. ಟೈಲರ್ ಮುಟ್ಟಲು ಕೈ ಚಾಚಿದ. ತಾತ ಸುತ್ತಿಬಿಟ್ಟ.

"ಕೊಡಲ್ಲ."

"ಅವ್ರು ನಮ್ಮಪ್ಪ."

"ಅದಕ್ಕೇ ಕೊಡಲ್ಲ. ಹನ್ನೊಂದನ್ನ ಕತ್ತರಿಸಿ ಕೂತಿದೀಯ. ಉಳಿದಿರೋದು ಇದೊಂದು. ಈಗಲೂ ನಿನ್ನ ಕೈಲಿ ಏನಿದೆ ನೋಡ್ಕೋ."

ನೋಡಿಕೊಂಡ. ಎಡಗೈಯಲ್ಲಿ ಕತ್ತರಿ ಇತ್ತು. ಅದನ್ನು ಕೆಳಗಿಡುವಷ್ಟರಲ್ಲಿ ತಾತ ಮೆಟ್ಟಿಲಿಳಿದಾಗಿತ್ತು.

ಕೈಗೆ ಬಂದದ್ದು ಬಾಯಿಗೆ ಬರಲಿಲ್ಲ. ಟೈಲರ್ ಒಬ್ಬರನ್ನೂ ಬಿಡದೆ ಬೈದ. ಮುದುಕನಿಗೆ ಕೊಬ್ಬು ಅಂದ. ಒಂದೇ ಅಳತೆಗೆ ಮಾಡಿಸಿದರೆ ಅಗ್ಗ ಎಂದ ಫ್ರೇಮಿನವನ ಮನೆ ಹಾಳಾಗ ಅಂದ. ತೀರಿಹೋದ ಅಮ್ಮನನ್ನೂ ಬಿಡಲಿಲ್ಲ: ಪೇಂಟರ್ ಅಂದಳಲ್ಲ, ಅಕ್ಷರ ಬರೀತಿದ್ರು ಅಂತ ಒಂದು ಮಾತು ಸೇರಿಸಿದ್ದರೆ ಅವಳ ಗಂಟೇನು ಹೋಗುತ್ತಿತ್ತು? ಬೈಯಲು ಬೇರೆ ಯಾರೂ ಸಿಗದೆ, ಮೂಲೆಯಲ್ಲಿ ಗುಂಡಿ ಹಚ್ಚುತ್ತಿದ್ದ ಹೆಂಡತಿಯ ಕಡೆ ತಿರುಗಿದ.

"ಆ ಪಟ್ಟಿಗಳನ್ನ ಒಲೆಗೆ ಹಾಕ್ದೆ ತಾನೇ? ನಿನಗೆ ಮನೆ ಚೊಕ್ಕಟ ಮಾಡೋದೊಂದೇ ಗೊತ್ತು."

"ಒಳ್ಳೇ ದಪ್ಪ ಕಾಗದ, ಒಲೆಗ್ಯಾಕೆ ಹಾಕ್ಲಿ?" ಅವಳು ದಾರ ಕಚ್ಚಿ ತುಂಡರಿಸಿದಳು. "ನೀವು ಕಾಲರಿನ ಅಳತೆಗೆ ಕಾಗದ ಕೇಳ್ದಾಗೆಲ್ಲ ಅದನ್ನೇ ಕೊಟ್ಟೆ. ನೀವೇ ದಿನಾ ಹಿಡ್ಕೊಂಡು ಕೆಲಸ ಮಾಡ್ತೀರಲ್ಲ."

ಎದ್ದು ಹೋಗಿ ಮೊಳೆಗೆ ಸಿಕ್ಕಿಸಿದ್ದ, ಬಟ್ಟೆ ಕತ್ತರಿಸಲು ಮೇಲಿಟ್ಟು ಗೆರೆ ಎಳೆಯುವ ಪ್ಯಾಟರ್ನಿನ ಗೊಂಚಲನ್ನು ತಂದು ಮೇಜಿನ ಮೇಲೆ ಇಟ್ಟಳು. ಕಾಲರಿನದು, ತೋಳಿನ ಕಫ್ಫಿನದು, ಜೇಬಿನದು. ಮೇಲೆ ಅವನದೇ ಪೆನ್ಸಿಲ್ ಬರಹ: ಕಾಲರ್ ಹದಿನೈದು, ಕಾಲರ್ ಹದಿನಾರು. ಹೆಂಡತಿ ಒಂದೊಂದನ್ನೇ ಮಗುಚಿದಳು. ಕೆಂಪು, ನೀಲಿ, ಮತ್ತೆ ಕೆಂಪು. ಜೇಬಿನ ಮೇಲೆ ಅರ್ಧ ಅಕ್ಷರ, ಕಫ್ಫಿನ ಮೇಲೆ ಒಂದು ಕೊಂಬು. ಹದಿನಾರರ ಕಾಲರಿನಲ್ಲಿ ಬಾಲ ಮಾತ್ರ ಈ ತುದಿಯಿಂದ ಆ ತುದಿಗೆ ಇತ್ತು, ಅದರ ಮೇಲಿನ ಹೆಸರಿರಲಿಲ್ಲ.

ಇಬ್ಬರೂ ಕೂತು ಜೋಡಿಸಿ ನೋಡಿದರು. ಕೂಡಲಿಲ್ಲ. ಕತ್ತರಿಸುವಾಗ ನಡುನಡುವೆ ಬಿದ್ದ ಚೂರುಗಳನ್ನೆಲ್ಲ ಅವನೇ ಇಸ್ತ್ರಿಪೆಟ್ಟಿಗೆಯ ಇದ್ದಿಲು ಹೊತ್ತಿಸಲು ಹಾಕಿದ್ದ.

"ಸಂಜೆ ತಾತನ ಮನೆಗೆ ಹೋಗ್ಬನ್ನಿ," ಎಂದಳು ಹೆಂಡತಿ. "ಕೇಳ್ಬೇಡಿ, ಸುಮ್ಮನೆ ಒಂದ್ಸಲ ನೋಡ್ಕೊಂಡು ಬನ್ನಿ."

ಅವನು ಕಾಲರಿನ ಆ ಕಾಗದದ ಮೇಲೆ, ಬಟ್ಟೆಗೆ ಸೀಮೆಸುಣ್ಣದ ಗೆರೆ ಎಳೆಯುವಾಗ ಒತ್ತಿ ಹಿಡಿಯುವಂತೆಯೇ, ಅಂಗೈ ಊರಿದ್ದ.

"ಇಪ್ಪತ್ತು ವರ್ಷ ಕಣೇ," ಎಂದ. "ಅಪ್ಪನ ಕೈಬರಹದ ಮೇಲೆ ಕೈ ಇಟ್ಕೊಂಡೇ ಕೆಲಸ ಮಾಡಿದೀನಿ. ಒಂದ್ಸಲನಾದ್ರೂ ತಿರುಗಿಸಿ ನೋಡಲಿಲ್ಲ."